ಮನೆ ನೋಡುವಾಗ ಗ್ಯಾಸ್ ಬಾವಿಯನ್ನೂ ನೋಡಿ: ಡೆಂಟನ್, ಟ್ಯಾರಂಟ್ ಕೌಂಟಿಗೆ ಹೊಸದಾಗಿ ಬಂದವರಿಗೆ

ಊರಲ್ಲಿ ಸೈಟು ಕೊಳ್ಳುವಾಗ ಇ.ಸಿ. ನೋಡದೆ ಯಾರೂ ಅಡ್ವಾನ್ಸ್ ಕೊಡುವುದಿಲ್ಲ ಅಲ್ವಾ? ಅಮೆರಿಕದ ಟೆಕ್ಸಾಸ್‌ನ ಡಲ್ಲಾಸ್‌-ಫೋರ್ಟ್‌ವರ್ತ್ ಕಡೆಯೂ ಅದೇ ಎಚ್ಚರ ಇರಲಿ. ಡೆಂಟನ್, ಟ್ಯಾರಂಟ್ ಕೌಂಟಿಗಳ ನೆಲದಡಿ ಬಾರ್ನೆಟ್ ಶೇಲ್ ಎಂಬ ಗ್ಯಾಸ್ ತುಂಬಿದ ಕಲ್ಲಿನ ಪದರವಿದೆ. ಹಾಗಾಗಿ ಮನೆಗಳ ಪಕ್ಕದಲ್ಲೇ ಗ್ಯಾಸ್ ತೆಗೆಯುವ ಬಾವಿಗಳಿವೆ. ಸುತ್ತ ಗೋಡೆ ಎಬ್ಬಿಸಿದ್ದರೆ ರಸ್ತೆಯಿಂದ ಕಾಣುವುದೂ ಇಲ್ಲ.

ಬಾವಿಗಳ ದಾಖಲೆ ಇರುವುದು ಟೆಕ್ಸಾಸ್ ರೈಲ್‌ರೋಡ್ ಕಮಿಷನ್ ಬಳಿ. 1891ರಲ್ಲಿ ರೈಲಿಗಾಗಿ ಶುರುವಾದ ಕಚೇರಿ, ಈಗ ರೈಲು ಬಿಟ್ಟು ಎಣ್ಣೆ, ಗ್ಯಾಸ್, ಪೈಪ್‌ಲೈನ್ ನೋಡಿಕೊಳ್ಳುತ್ತದೆ. ಹೆಸರು ಮಾತ್ರ ಹಾಗೇ ಉಳಿದಿದೆ! ಅವರ ವೆಬ್‌ಸೈಟಿನಲ್ಲಿ 'ಪಬ್ಲಿಕ್ ಜಿಐಎಸ್ ವ್ಯೂವರ್' ಎಂಬ ನಕ್ಷೆಯಿದೆ. ದುಡ್ಡು ಕೊಡಬೇಕಿಲ್ಲ. ನೀವು ನೋಡುತ್ತಿರುವ ಬಡಾವಣೆಗೆ ಹೋಗಿ, ಚೆನ್ನಾಗಿ ಝೂಮ್ ಮಾಡಿ. ದೂರದಿಂದ ನೋಡಿದರೆ ಬಾವಿಗಳು ಕಾಣುವುದಿಲ್ಲ.

ಹಲವರು ಗಾಬರಿಯಾಗುವುದು ಇಲ್ಲೇ. ನಕ್ಷೆಯ ಗೆರೆಯೊಂದು ಮನೆಯ ಕೆಳಗೇ ಹಾದಿರುತ್ತದೆ. ಅದು ಅಡ್ಡಕ್ಕೆ ಕೊರೆದ ಬಾವಿ, ಮೈಲಿಗೂ ಜಾಸ್ತಿ ಆಳದಲ್ಲಿರುತ್ತದೆ. ನಿಮಗೆ ಮುಖ್ಯವಾದದ್ದು ಗೆರೆ ಶುರುವಾಗುವ ತುದಿ, ಅಂದರೆ ನೆಲದ ಮೇಲಿನ ಜಾಗ. ಸದ್ದು, ಲಾರಿ, ವಾಸನೆ ಎಲ್ಲ ಅಲ್ಲೇ. ಒಂದೇ ಜಾಗದಿಂದ ಹಲವು ಗೆರೆ ಹೊರಟಿದ್ದರೆ ಅಲ್ಲಿ ಅಷ್ಟೂ ಬಾವಿಗಳಿವೆ ಎಂದರ್ಥ.

ಬಾವಿಯ ಗುರುತಿನ ಮೇಲೆ ಒತ್ತಿದರೆ ಎಪಿಐ ನಂಬರ್, ಅಂದರೆ ಆ ಬಾವಿಯ ಗುರುತಿನ ಸಂಖ್ಯೆ, ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಅದರ ಶುರುವಿನ 42 ಅಂದರೆ ಟೆಕ್ಸಾಸ್. ಆಮೇಲೆ 121 ಇದ್ದರೆ ಡೆಂಟನ್, 439 ಇದ್ದರೆ ಟ್ಯಾರಂಟ್. ಅದೇ ನಂಬರ್ ಹಾಕಿ ಕಾಗದಗಳನ್ನು ಹುಡುಕಬಹುದು: ಕೊರೆಯಲು ಅನುಮತಿ ಕೇಳಿದ್ದು ಡಬ್ಲ್ಯು-1, ಬಾವಿ ಮುಚ್ಚಿದ್ದು ಡಬ್ಲ್ಯು-3. ಅನುಮತಿ ಸಿಕ್ಕ ಮಾತ್ರಕ್ಕೆ ಕೊರೆದೇಬಿಟ್ಟರು ಅಂತಲ್ಲ. ಆದರೆ ಹೊಸ ಅನುಮತಿ ಕಂಡರೆ ರಿಯಲ್ಟರ್ ಮಾತನ್ನಷ್ಟೇ ನಂಬಿ ಸುಮ್ನಿರಬೇಡಿ. ನಕ್ಷೆ ಸರ್ವೆಯಷ್ಟು ಕರಾರುವಾಕ್ಕಲ್ಲ, ಹಳೆಯ ಬಾವಿಗಳ ಜಾಗವಂತೂ ಸ್ವಲ್ಪ ಆಚೀಚೆ ಇರಬಹುದು.

ಬಾವಿಗೂ ಮನೆಗೂ ನಡುವೆ ಎಷ್ಟು ದೂರ ಬಿಡಬೇಕು ಎಂಬುದನ್ನು ನಗರದ ಪ್ಲಾನಿಂಗ್ ಕಚೇರಿಯಲ್ಲಿ ಕೇಳಿ. ಇರುವ ಬಾವಿಯ ಹತ್ತಿರ ಹೊಸ ಮನೆ ಕಟ್ಟುವುದಕ್ಕೆ ಬೇರೆ ನಿಯಮ ಇದೆಯಾ ಅಂತಲೂ ಕೇಳಿ. ಆದರೆ ಈ ವಿಷಯದಲ್ಲಿ ನಗರಗಳಿಗೆ ಪೂರ್ತಿ ಅಧಿಕಾರವಿಲ್ಲ. 2014ರಲ್ಲಿ ಡೆಂಟನ್ ನಗರದ ಜನ ಮತ ಹಾಕಿ ಫ್ರಾಕಿಂಗ್, ಅಂದರೆ ನೀರನ್ನು ಜೋರಾಗಿ ನುಗ್ಗಿಸಿ ಕಲ್ಲು ಸೀಳಿ ಗ್ಯಾಸ್ ತೆಗೆಯುವುದನ್ನು, ನಿಷೇಧಿಸಿದರು. ಮರುವರ್ಷವೇ ರಾಜ್ಯ ಕಾನೂನು ತಂದು ಅಂಥ ನಿಷೇಧಕ್ಕೆ ಜಾಗ ಇಲ್ಲದಂತೆ ಮಾಡಿತು.

ಇನ್ನೊಂದು ವಿಷಯ: ಮನೆ ನಿಮ್ಮದಾದರೂ ಅಡಿಯ ಗ್ಯಾಸ್ ನಿಮ್ಮದಾಗಿರಬೇಕಿಲ್ಲ. ಬಿಲ್ಡರೋ ಹಳೆಯ ಮಾಲೀಕರೋ ಖನಿಜದ ಹಕ್ಕನ್ನು ತಾವೇ ಇಟ್ಟುಕೊಂಡಿರಬಹುದು. ಕ್ರಯಪತ್ರದಲ್ಲಿ ಹಾಗೆ ಬರೆದಿದೆಯೇ ಎಂದು ಸಹಿಗೆ ಮೊದಲೇ ಟೈಟಲ್ ಕಂಪನಿಯವರನ್ನು (ಮಾಲೀಕತ್ವದ ದಾಖಲೆ ಪರಿಶೀಲಿಸುವವರು) ಕೇಳಿ. ಹಳೆಯ ಪತ್ರಗಳು ಕೌಂಟಿ ಕ್ಲರ್ಕ್ ಬಳಿ ಸಿಗುತ್ತವೆ. ಆಮೇಲೆ ಎಂದಾದರೂ ಗ್ಯಾಸ್ ಲೀಸ್ (ನಿಮ್ಮ ನೆಲದಡಿಯ ಗ್ಯಾಸ್ ತೆಗೆಯಲು ಒಪ್ಪಂದ) ಕೇಳಿ ಅಂಚೆ ಬಂದರೆ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.