ನಲವತ್ತು ರೂಪಾಯಿಯ ಸೆಲ್ಲು, ನನ್ನ ನಾಲ್ಕೂವರೆ ಸಾವಿರ

ಇದನ್ನು ಬರೆಯಲು ಕಾರಣ ನನ್ನ ಹೆಂಡತಿಯ ತಮ್ಮ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಅವನದು. ಸಿಮಾಸ್ ಬ್ಯಾಟರಿ, ಅಂದರೆ ಕರೆಂಟಿಲ್ಲದಾಗ ಮದರ್ ಬೋರ್ಡಿನ ಗಡಿಯಾರ, ಸೆಟ್ಟಿಂಗು ಕಾಯುವ ಬಿಲ್ಲೆಯಂಥ ಸೆಲ್ಲು, ಸತ್ತದ್ದಕ್ಕೇ ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಬರುತ್ತಿರಲಿಲ್ಲ ಎಂದು ಅವನಿಗೆ ಹೇಳಿದ್ದೆ. "ಭಾವ, ಸಿಮಾಸ್ ಬ್ಯಾಟರಿ ಹೋದ್ರೆ ಟೈಮ್ ತಪ್ಪತ್ತೆ ಅಷ್ಟೆ. ಅದಕ್ಕೂ ವಿಂಡೋಸ್ ಬರದೇ ಇರೋದಕ್ಕೂ ಏನು ಸಂಬಂಧ?" ಎಂದು ಫೋನಿನಲ್ಲೇ ನಕ್ಕಿದ್ದ. ದೀಪಾವಳಿಗೆ ಊರಿಗೆ ಬಂದಾಗ ಅವನ ಕಣ್ಣೆದುರೇ ಮಾಡಿ ತೋರಿಸಿದೆ. ಈಗ ನಗುತ್ತಿಲ್ಲ.

ಮನೆ ಇರುವುದು ಸಾಗರ ಪೇಟೆಯ ಹತ್ತಿರ, ಅಡಿಕೆ ತೋಟದ ನಡುವೆ. ನಾನು ಅಂಗಡಿ ಇಟ್ಟವನಲ್ಲ. ಆದರೂ ಸುತ್ತಲಿನ ಹದಿನೈದಿಪ್ಪತ್ತು ಮನೆಗಳ ಕಂಪ್ಯೂಟರ್ ಕೆಟ್ಟರೆ ಮೊದಲು ಫೋನ್ ಬರುವುದು ನನಗೇ. ಅಂಥವನ ಮನೆಯ ಮಷಿನ್ನೇ ಆರು ತಿಂಗಳಲ್ಲಿ ಮೂರು ಸಲ ಮಲಗಿತು ಎಂದರೆ ಮರ್ಯಾದೆ ಪ್ರಶ್ನೆ. ಹಳೇ ಎಚ್61 ಮದರ್ ಬೋರ್ಡು, ಮೂರನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್. ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿದ ಮೇಲೆ ವಿಂಡೋಸ್ 10 ಚೆನ್ನಾಗಿಯೇ ಓಡುತ್ತಿತ್ತು.

ಮೊದಲನೇ ಸಲ ಮೇ ತಿಂಗಳು. ಹಿಂದಿನ ಸಂಜೆ ಜೋರು ಗುಡುಗು ಸಿಡಿಲು. ಬೆಳಿಗ್ಗೆ ಆನ್ ಮಾಡಿದರೆ ಲೋಗೋ ಬಂತು, ಚುಕ್ಕಿಗಳು ಸುತ್ತಿದವು, ಆಮೇಲೆ ನೀಲಿ ಪರದೆ: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್, ಅಂದರೆ ವಿಂಡೋಸ್ ಇರುವ ಡಿಸ್ಕ್ ಕೈಗೆ ಸಿಗುತ್ತಿಲ್ಲ. ಎರಡು ಸಲ ಹಾಗಾಗಿ ತಾನೇ ಸ್ಟಾರ್ಟಪ್ ರಿಪೇರಿಗೆ ಹೋಯಿತು. ಅದು ಯಾವತ್ತಿನಂತೆ "ಸಾಧ್ಯವಾಗಲಿಲ್ಲ" ಎಂದು ಕೈ ಎತ್ತಿತು. ಬೂಟ್ ಸರಿಮಾಡುವ ಕಮಾಂಡುಗಳನ್ನು ಒಂದೊಂದೇ ಹೊಡೆದು ನೋಡಿದೆ. ಬೂಟ್‌ರೆಕ್ ಹೊಡೆದೆ, ಫಿಕ್ಸ್‌ಬೂಟ್‌ಗೆ ಆಕ್ಸೆಸ್ ಡಿನೈಡ್ ಅಂತು. ಬಿಸಿಡಿಬೂಟ್ ಹೊಡೆದೆ, ಯಶಸ್ವಿ ಅಂತು, ನೀಲಿ ಪರದೆ ಮಾತ್ರ ಅಲ್ಲಿಯೇ. ಕೊನೆಗೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬಯಾಸಿಗೆ, ಅಂದರೆ ವಿಂಡೋಸ್ ಏಳುವ ಮೊದಲಿನ ಬೋರ್ಡಿನ ಸೆಟ್ಟಿಂಗಿಗೆ ಹೋಗಿ, ಎಲ್ಲವನ್ನೂ ಮೂಲ ಸ್ಥಿತಿಗೆ ತರುವ ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಒತ್ತಿ, ಸೇವ್ ಮಾಡಿ ಬಂದೆ. ಆಗಲೇ ಡಿಫಾಲ್ಟಿಗೆ ಬಿದ್ದಿದ್ದ ಬೋರ್ಡನ್ನು ಮತ್ತೆ ಡಿಫಾಲ್ಟಿಗೇ ಒತ್ತಿದ್ದೆ ಎಂದು ಗೊತ್ತಾದದ್ದು ಐದು ತಿಂಗಳ ಮೇಲೆ.

ತೋಟದಲ್ಲಿ ಕೆಲಸ ಇತ್ತು. ಮಗಳ ಪ್ರಾಜೆಕ್ಟ್ ಬೇರೆ ತಲೆಯ ಮೇಲೆ ಕೂತಿತ್ತು. ಪೇಟೆಯ ಅಂಗಡಿಗೆ ಒಯ್ದುಕೊಟ್ಟೆ. ಅವರು ಫಾರ್ಮ್ಯಾಟ್ ಮಾಡಿ 400 ರೂಪಾಯಿ ತೆಗೆದುಕೊಂಡರು. "ಸಾರ್, ಎರಡು ದಿನ ಆನ್ ಆಫ್ ಮಾಡಿ ನೋಡಿದೀವಿ, ಏನೂ ತೊಂದರೆ ಇಲ್ಲ" ಅಂದರು. ಸುಳ್ಳಲ್ಲ, ಅಂಗಡಿಯಲ್ಲಿ ತೊಂದರೆ ಬರಲು ಸಾಧ್ಯವೇ ಇರಲಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮನೆಗೆ ತಂದ ಮೇಲೆ ಯಾಕೋ ನಿಧಾನ ಅನ್ನಿಸಿತು. ನೋಡಿದರೆ ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಹಳೇ ಪದ್ಧತಿಯ ಐಡಿಇಯಲ್ಲಿದೆ. ಅಂಗಡಿಯವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಬೈದುಕೊಂಡು, ಸೇಫ್ ಮೋಡ್ ದಾರಿಯಲ್ಲಿ ಹೊಸ ಪದ್ಧತಿಯಾದ ಎಎಚ್‌ಸಿಐಗೆ ಬದಲಿಸಿದೆ. ಫಾರ್ಮ್ಯಾಟ್ ಮಾಡದೆ ಇದನ್ನು ಬದಲಿಸುವುದು ನಮ್ಮೂರಲ್ಲಿ ನನಗೊಬ್ಬನಿಗೇ ಬರುತ್ತದೆ ಎಂದು ಆ ದಿನ ಸ್ವಲ್ಪ ಬೀಗಿದ್ದೂ ಹೌದು.

ಜುಲೈನಲ್ಲಿ ಗಾಳಿ ಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟಿಲ್ಲ. ಬಂದ ಮೇಲೆ ಆನ್ ಮಾಡಿದರೆ ಮತ್ತದೇ ನೀಲಿ ಪರದೆ. ಈ ಸಲ ಎಸ್ಎಸ್‌ಡಿ ಮೇಲೆ ಅನುಮಾನ. ಹೊಸ 240 ಜಿಬಿಯದು ಸುಮಾರು 1,900. ಅದರ ಜೊತೆ ಒಳಗಿನ ಪವರ್ ಸಪ್ಲೈ, ಎಸ್ಎಂಪಿಎಸ್, ಹಳೆಯದಾಯಿತು ಎಂದು 950 ಕೊಟ್ಟು ಅದನ್ನೂ ಬದಲಿಸಿದೆ. ಹಳೆಯದನ್ನು ಬಿಚ್ಚಿದರೆ ಒಳಗೆ ಒಂದು ಹಲ್ಲಿ ಒಣಗಿ ಹಪ್ಪಳವಾಗಿ ಅಂಟಿಕೊಂಡಿತ್ತು. ಕಳ್ಳ ಸಿಕ್ಕ ಎಂದು ಖುಷಿಪಟ್ಟೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ರ‍್ಯಾಮ್ ರಬ್ಬರ್ ಹಾಕಿ ಉಜ್ಜಿ, ಸಮಾಧಾನವಾಗದೆ 600 ರೂಪಾಯಿಗೆ ಬೇರೊಂದು ಸೆಕೆಂಡ್ ಹ್ಯಾಂಡ್ ಸ್ಟಿಕ್ ತಂದೆ. ಸಾಟಾ ಕೇಬಲ್, ಓಡಾಟ, ಅಂಗಡಿಯ 400, ಎಲ್ಲ ಸೇರಿ ನಾಲ್ಕೂವರೆ ಸಾವಿರದ ಹತ್ತಿರ ಹೋಯಿತು. ಹೊಸ ಡಿಸ್ಕಿಗೆ ವಿಂಡೋಸ್ ಹಾಕುವಾಗ ಮೊದಲೇ ಜಾಣತನದಿಂದ ಎಎಚ್‌ಸಿಐ ಮಾಡಿಕೊಂಡೆ. ಓಡಿತು. ಮನೆಯವಳಿಗೆ "ಇನ್ನು ಐದು ವರ್ಷ ಚಿಂತೆ ಇಲ್ಲ" ಅಂದೆ.

ಚಿಂತೆ ಬಂದದ್ದು ಆಯುಧ ಪೂಜೆಯ ಮರುದಿನ. ನಮ್ಮಲ್ಲಿ ಕತ್ತಿ, ಬೈಕು, ಪಂಪ್‌ಸೆಟ್ಟಿನ ಜೊತೆ ಕಂಪ್ಯೂಟರಿಗೂ ಪೂಜೆ. ಪ್ಲಗ್ ಕಿತ್ತು, ಒರೆಸಿ, ಕ್ಯಾಬಿನೆಟ್ಟಿಗೆ ಕುಂಕುಮ ಇಟ್ಟು, ಮೌಸಿನ ಮೇಲೆ ಸೇವಂತಿಗೆ ಹೂವಿಟ್ಟು ಬಿಟ್ಟಿದ್ದೆವು. ಬೆಳಿಗ್ಗೆ ಪ್ಲಗ್ ಹಾಕಿ ಆನ್ ಮಾಡಿದರೆ ನೀಲಿ. ಅಪ್ಪಯ್ಯ ಬಾಗಿಲಲ್ಲಿ ನಿಂತು, "ಪೂಜೆ ಮಾಡಿದ್ದು ಹೆಚ್ಚಾಯ್ತೇನೋ" ಅಂದರು.

ಈ ಸಲ ರಿಪೇರಿ ಗಿಪೇರಿ ಮುಟ್ಟದೆ ಲಿನಕ್ಸ್ ಮಿಂಟ್ ಪೆನ್‌ಡ್ರೈವ್ ಹಾಕಿ ಎಬ್ಬಿಸಿದೆ. ಡಿಸ್ಕ್ ಕಂಡಿತು, ಫೈಲುಗಳೆಲ್ಲ ಇವೆ, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ರಿಪೋರ್ಟ್ ಚೊಕ್ಕ. ಹಾಗಾದರೆ ಡಿಸ್ಕೂ ಅಲ್ಲ, ಕೇಬಲ್ಲೂ ಅಲ್ಲ. ಸುಮ್ಮನೆ ಪರದೆ ನೋಡುತ್ತ ಕೂತಾಗ ಮೂಲೆಯ ತಾರೀಕು ಕಣ್ಣಿಗೆ ಬಿತ್ತು. ಜನವರಿ 2012.

ಬಯಾಸಿಗೆ ಹೋದೆ. ಸಾಟಾ ಮೋಡ್ ಐಡಿಇ. ನಾನೇ ಕೈಯಾರೆ ಎಎಚ್‌ಸಿಐ ಮಾಡಿದ್ದೆ, ಯಾರೂ ಮುಟ್ಟಿಲ್ಲ. ಬದಲಿಸಿ, ಸೇವ್ ಮಾಡಲು ಎಫ್10 ಒತ್ತಿದೆ. ಹದಿನೈದು ಸೆಕೆಂಡಿನಲ್ಲಿ ವಿಂಡೋಸ್ ಬಂದು ಏನೂ ಆಗಿಯೇ ಇಲ್ಲವೆಂಬಂತೆ ಪಾಸ್‌ವರ್ಡ್ ಕೇಳಿತು.

ಬಿಚ್ಚಿ ಹೇಳಬೇಕಾದ್ದು ಇಷ್ಟೇ. ಪ್ಲಗ್ ಚುಚ್ಚಿದ್ದು ಸ್ವಿಚ್ ಆನ್ ಇದ್ದರೆ ಎಸ್ಎಂಪಿಎಸ್‌ನ ಸ್ಟ್ಯಾಂಡ್‌ಬೈ ಕರೆಂಟೇ ಸೆಟ್ಟಿಂಗನ್ನು ಹಿಡಿದುಕೊಂಡಿರುತ್ತದೆ, ಸೆಲ್ಲು ಸತ್ತಿದ್ದರೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಇಡೀ ದಿನ ಪ್ಲಗ್ಗಿನಲ್ಲೇ ಇರುತ್ತದೆ. ನಮ್ಮ ಮನೆಯಲ್ಲಿ ಗುಡುಗಿದರೆ ಅಪ್ಪಯ್ಯ ಪ್ಲಗ್ ಕೀಳುತ್ತಾರೆ. ಸೆಟ್ಟಿಂಗ್ ಮರೆತ ಬೋರ್ಡು ಡಿಫಾಲ್ಟಿಗೆ ಬೀಳುತ್ತದೆ, ನನ್ನ ಬೋರ್ಡಿನ ಡಿಫಾಲ್ಟ್ ಐಡಿಇ. ಎಎಚ್‌ಸಿಐನಲ್ಲಿ ಹಾಕಿದ ವಿಂಡೋಸ್ ಅದಕ್ಕೆ ಏಳುವುದಿಲ್ಲ, ಲಿನಕ್ಸ್ ಏಳುತ್ತದೆ. ಅಂಗಡಿಯವರ ಫಾರ್ಮ್ಯಾಟ್ ಹಿಡಿದದ್ದು ಯಾಕೆಂದರೆ ಅವರು ಐಡಿಇಯಲ್ಲೇ ಹಾಕಿದ್ದರು. ನಾನು ಜಾಣತನ ತೋರಿಸದೆ ಸುಮ್ಮನಿದ್ದರೆ ಜುಲೈಯ ಖರ್ಚೇ ಇರುತ್ತಿರಲಿಲ್ಲ. ಟೈಮ್ ತಪ್ಪಿದ್ದು ಮೊದಲೇ ಯಾಕೆ ಕಾಣಲಿಲ್ಲ ಎಂದರೆ, ಪ್ರತಿ ಸಲವೂ ಹೊಸ ಇನ್‌ಸ್ಟಾಲ್ ಆಗಿ ತಾರೀಕು ಸರಿಮಾಡಿದ್ದಾಗಿತ್ತು.

ಸೆಲ್ಲಿನ ಕಥೆಯೂ ಒಂದೇ ಏಟಿಗೆ ಮುಗಿಯಲಿಲ್ಲ. ಹಳೆಯದು ಮೀಟರಿನಲ್ಲಿ 2.2 ವೋಲ್ಟ್ ಆಸುಪಾಸು. ಬೇಕಿದ್ದದ್ದು 2032 ನಂಬರಿನ ಸೆಲ್ಲು, ಪೇಟೆಯಲ್ಲಿ ಮೊದಲು ಕೊಟ್ಟದ್ದು 2025 ನಂಬರಿನದು. ಅಗಲ ಒಂದೇ, ದಪ್ಪ ಕಮ್ಮಿ. ಕೂತ ಹಾಗೆ ಕಂಡಿತು, ಎರಡನೇ ದಿನ ಕ್ಯಾಬಿನೆಟ್ ಸರಿಸಿದ್ದಕ್ಕೆ ಸಡಿಲವಾಗಿ ತಾರೀಕು ಮತ್ತೆ ಜನವರಿ 2012. ಆಮೇಲೆ 60 ರೂಪಾಯಿಗೆ ಐದು ಸೆಲ್ಲಿನ ಪಟ್ಟಿ ಸಿಕ್ಕಿತು, 2032 ಎಂದೇ ಬರೆದಿತ್ತು. ಪ್ಯಾಕೆಟ್ಟಿನಿಂದ ತೆಗೆದು ಅಳೆದರೆ 3.0 ತೋರಿಸಿತು, ಲೋಡ್ ಕೊಟ್ಟ ತಕ್ಷಣ ಕುಸಿಯಿತು. ಸುಮ್ಮನೆ ಮೀಟರ್ ಕಡ್ಡಿ ಇಟ್ಟು ನೋಡಿ ಒಳ್ಳೆಯದು ಅನ್ನಬೇಡಿ, ಒಂದು ರೆಸಿಸ್ಟರ್ ಅಡ್ಡ ಹಾಕಿ ನೋಡಿ. ಎಷ್ಟು ಓಮ್, ಎಷ್ಟು ಸೆಕೆಂಡ್ ಅನ್ನುವುದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು. ಕೊನೆಗೆ ಗಡಿಯಾರ ರಿಪೇರಿಯವರ ಹತ್ತಿರ 40 ರೂಪಾಯಿಗೆ ಒಳ್ಳೆಯದೊಂದು ಸಿಕ್ಕಿತು. ಮಾರ್ಕರಿನಲ್ಲಿ ಅದರ ಮೇಲೆ ತಿಂಗಳು, ವರ್ಷ ಬರೆದು ಕೂರಿಸಿದೆ.

ಇದಕ್ಕೂ ಹಿಂದೆ ಇನ್ನೊಂದು ಹುಚ್ಚು ಮಾಡಿದ್ದೆ. ಹೋಲ್ಡರಿಗೆ ಎರಡು ವೈರ್ ಬೆಸೆದು, ಎರಡು ಪೆನ್ಸಿಲ್ ಸೆಲ್ಲಿನ ಡಬ್ಬಿಯನ್ನು ಕ್ಯಾಬಿನೆಟ್ ಹೊರಗೆ ಟೇಪ್ ಹಚ್ಚಿ ಅಂಟಿಸಿದ್ದು, ಹಳೇ ಟಿವಿ ರಿಮೋಟಿನ ಡಬ್ಬಿಯೇ. ನೆರೆಮನೆಯವರ ಕಂಪ್ಯೂಟರಿನಲ್ಲಿ ಇದು ಒಂದು ವರ್ಷದ ಮೇಲೆ ನಡೆಯಿತು. ಮಳೆಗಾಲದ ಶೀತಕ್ಕೆ ಸೆಲ್ಲು ಸೋರಿ ಸ್ಪ್ರಿಂಗ್ ಹಸಿರು ಹಿಡಿದ ಮೇಲೆ ಬಿಟ್ಟೆ. ಮೊಬೈಲ್ ಬ್ಯಾಟರಿ ಹಾಕಿದರೆ ಹೇಗೆ ಎಂದು ಒಬ್ಬರು ಕೇಳಿದರು. ಬೇಡ, ಫುಲ್ ಚಾರ್ಜಿನಲ್ಲಿ ಅದು 4.2 ವೋಲ್ಟ್, ಬೋರ್ಡು ಸುಡುವ ಆಸೆ ಇದ್ದವರು ಹಾಕಲಿ. ಪ್ಲಗ್ ಕೀಳುವುದನ್ನೇ ಬಿಟ್ಟರಾಯಿತಲ್ಲ ಅನ್ನುವವರಿಗೆ, ಎರಡು ವರ್ಷದ ಹಿಂದೆ ಸಿಡಿಲಿಗೆ ನನ್ನ ರೂಟರ್ರೂ ಲ್ಯಾನ್ ಪೋರ್ಟೂ ಒಟ್ಟಿಗೇ ಹೋಗಿವೆ. ಅಪ್ಪಯ್ಯ ಮಾಡುವುದು ಸರಿಯೇ.

ಸೆಲ್ಲು ಗೊತ್ತಾದ ಮೇಲೆ ಲಾಗಿನ್ ಗೋಳುಗಳನ್ನೂ ಇದೇ ಕಣ್ಣಿನಿಂದ ನೋಡತೊಡಗಿದೆ. ತಂಗಿಯ ಮನೆಯಲ್ಲಿ ಎಂಟನೇ ತಲೆಮಾರಿನ ಮಷಿನ್, ವಿಂಡೋಸ್ 11 ಹಾಕಲೆಂದು ಅವಳ ಮಗ ಬಯಾಸಿನಲ್ಲಿ ಪಿಟಿಟಿ, ಅಂದರೆ ಪಿನ್ ಮುಂತಾದವುಗಳ ಕೀಲಿ ಕಾಯುವ ಇಂಟೆಲ್ ಭದ್ರತಾ ಸೌಲಭ್ಯ, ಆನ್ ಮಾಡಿದ್ದ. ಒಂದು ಬೆಳಿಗ್ಗೆ "ನಿಮ್ಮ ಪಿನ್ ಲಭ್ಯವಿಲ್ಲ" ಎಂದು ನಿಂತಿತು. ಪಿನ್ ಮರೆತಿದ್ದೀಯ ಎಂದು ಮನೆಯವರೆಲ್ಲ ಹುಡುಗನ ಮೇಲೆ ಹರಿಹಾಯ್ದರು. ಅಲ್ಲಿಯೂ ಸೆಲ್ಲು ಸತ್ತು ಪಿಟಿಟಿ ಆಫ್ ಆಗಿತ್ತು. ಆನ್ ಮಾಡಿದೆ, ಹಳೇ ಪಿನ್ನೇ ಹಿಡಿಯಿತು. ಒಂದು ಎಚ್ಚರಿಕೆ: ಪಿಟಿಟಿ ಆನ್ ಮಾಡುವಾಗ ಆ ಕೀಲಿಗಳನ್ನೇ ಅಳಿಸುವ ಕ್ಲಿಯರ್ ಎಂಬ ಆಯ್ಕೆ ಹತ್ತಿರದಲ್ಲೇ ಇರುತ್ತದೆ, ಕೈ ಜಾರಬಾರದು. ಬಿಟ್‌ಲಾಕರ್ (ಡಿಸ್ಕಿಗೇ ಹಾಕುವ ಗುಪ್ತ ಬೀಗ) ಹಾಕಿದ ಮಷಿನ್ ಆದರೆ 48 ಅಂಕಿಯ ರಿಕವರಿ ಕೀ ಕೈಯಲ್ಲಿ ಇಟ್ಟುಕೊಂಡೇ ಬಯಾಸ್ ಮುಟ್ಟಿ.

ನನ್ನ ಮಷಿನ್ನಲ್ಲಿ ಬೇರೆ ಥರ. ಮನೆಯವಳು ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಮೊಬೈಲಿನಲ್ಲಿ ಬದಲಿಸಿದ್ದಳು. ಆ 2025 ನಂಬರಿನ ಸೆಲ್ಲು ಸಡಿಲವಾಗಿದ್ದ ದಿನಗಳವು. ತಾರೀಕು 2012 ಆದರೆ ಸರ್ವರಿನ ಸರ್ಟಿಫಿಕೇಟನ್ನು ಕಂಪ್ಯೂಟರ್ ಒಪ್ಪುವುದಿಲ್ಲ, ಹೊಸ ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಹಳೆಯದನ್ನು ಹೊಡೆ ಅಂದೆ. ತೆರೆಯಿತು. ಅಂದಿನಿಂದ ನಾನು ಮುಟ್ಟಿದ ಪ್ರತಿ ಮಷಿನ್ನಿಗೂ ಇನ್ನೊಂದು ಲೋಕಲ್ ಅಡ್ಮಿನ್ ಖಾತೆ ಮಾಡಿಟ್ಟೇ ಬರುವುದು.

ಅರ್ಧಕ್ಕರ್ಧ ಲಾಗಿನ್ ದೂರುಗಳು ಇಷ್ಟು ದೊಡ್ಡವೂ ಅಲ್ಲ. ನಂಬರ್ ಪ್ಯಾಡಿನಲ್ಲಿ ಪಿನ್ ಹೊಡೆಯುವವರಿಗೆ ನಮ್ ಲಾಕ್ ಆಫ್ ಆಗಿರುತ್ತದೆ. ಊರಿನ ಸೊಸೈಟಿ ಗುಮಾಸ್ತರೊಬ್ಬರು ಮೂರು ದಿನ ಒದ್ದಾಡಿದ್ದರು, ನೋಡಿದರೆ ಲಾಗಿನ್ ಪರದೆಯ ಮೂಲೆಯಲ್ಲಿ ಕೀಬೋರ್ಡ್ ಕನ್ನಡದಲ್ಲಿದೆ. ಪಾಸ್‌ವರ್ಡ್ ಚುಕ್ಕಿಯಾಗಿ ಕಾಣುವುದರಿಂದ ಹೊಡೆದದ್ದು ಕನ್ನಡ ಅಕ್ಷರ ಎಂದು ಯಾರಿಗೆ ತಿಳಿಯಬೇಕು? ಅವರು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಮೇಲೆ ಅನುಮಾನಪಟ್ಟು ಸ್ಕ್ರಾಲ್ ಲಾಕ್ ಒತ್ತಿ ಒತ್ತಿ ಸವೆಸಿದ್ದರು. ನುಡಿ ಏಳುವುದೇ ಲಾಗಿನ್ ಆದ ಮೇಲೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒಮ್ಮೆ ಒತ್ತಿದೆ, ಮುಗಿಯಿತು. ಅದಕ್ಕೆ ದುಡ್ಡು ಕೇಳಲು ನಾಚಿಕೆಯಾಗಿ ಒಂದು ಗೊನೆ ಬಾಳೆಹಣ್ಣು ತಂದೆ.

ದೀಪಾವಳಿಯ ದಿನ ಭಾವಮೈದನ ಎದುರು ಸೆಲ್ಲು ತೆಗೆದೆ, ಪ್ಲಗ್ ಕಿತ್ತೆ, ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಇಳಿಸಿದೆ, ಕಾಫಿ ಕುಡಿದು ಬಂದೆವು. ಹಾಕಿ ಆನ್ ಮಾಡಿದರೆ ನೀಲಿ ಪರದೆ. ಬಯಾಸಿನಲ್ಲಿ ಒಂದೇ ಸಾಲು ಬದಲಿಸಿದೆ, ವಿಂಡೋಸ್ ಬಂತು. "ಇನ್ನೊಂದ್ಸಲ ಮಾಡಿ ಭಾವ" ಅಂದ. ಮಾಡಿದೆ. ಮೂರನೇ ಸಲ ಅವನೇ ಮಾಡಿದ.

ಪೇಟೆಯ ಅಂಗಡಿಯವರಿಗೂ ಹೇಳಿಬಂದೆ. ಅವರು ಮೊದಲು ಒಪ್ಪಲಿಲ್ಲ. ಮೊನ್ನೆ ಅಲ್ಲಿಯ ಹುಡುಗ ಫೋನ್ ಮಾಡಿದ್ದ. ಈಗ ಬಂದ ಪ್ರತಿ ಹಳೇ ಮಷಿನ್ನಿನ ಪ್ಲಗ್ ಕಿತ್ತು ಒಂದು ರಾತ್ರಿ ಇಟ್ಟು ನೋಡುತ್ತಾರಂತೆ. "ಸಾರ್, ಆ ರೆಸಿಸ್ಟರ್ ಎಷ್ಟು ಓಮಿಂದು?" ಅಂತ ಕೇಳಿದ. ನನ್ನ 400 ರೂಪಾಯಿ ವಾಪಸ್ ಕೊಡು, ಹೇಳ್ತೀನಿ ಅಂದೆ.