ವಿಶ್ವವಿದ್ಯಾನಿಲಯದ ಅಂತರರಾಷ್ಟ್ರೀಯ ಮೆರವಣಿಗೆ: ಮೈಸೂರಿನಲ್ಲಿ ಸಿದ್ಧತೆ ನಡೆಸುವ ಬಗೆ

ಜಂಬೂಸವಾರಿಯನ್ನು ನೋಡುತ್ತ ಬೆಳೆದ ಮೈಸೂರಿನವರಿಗೆ ಮೆರವಣಿಗೆ ಕಟ್ಟುವ ಕೆಲಸ ಹೊಸದಲ್ಲ. ಆದರೆ ಬೇರೆ ಬೇರೆ ದೇಶಗಳಿಂದ ಓದಲು ಬಂದಿರುವ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಮೆರವಣಿಗೆ ನಡೆಸುವುದಾದರೆ, ತಮ್ಮ ನಾಡಿನ ಯಾವುದನ್ನು ತೋರಿಸಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಆ ವಿದ್ಯಾರ್ಥಿಗಳದೇ ಎಂದು ಸಂಘಟಕರು ಮೊದಲ ಸಭೆಯಲ್ಲಿಯೇ ಒಪ್ಪಿಕೊಳ್ಳಬೇಕು.

ಕನಿಷ್ಠ 3 ತಿಂಗಳು ಮುಂಚಿತವಾಗಿ ವಿದ್ಯಾರ್ಥಿನಿಲಯಗಳಿಗೆ ಹೋಗಿ ಅವರೊಡನೆ ಕುಳಿತು ಮಾತನಾಡಿರಿ. ಹಿಂದೊಮ್ಮೆ ನಾನು ಕಂಡ ಮೆರವಣಿಗೆಯೊಂದರಲ್ಲಿ ಹಲವು ದೇಶಗಳವರನ್ನು ‘ಆಫ್ರಿಕಾ’ ಎಂಬ ಒಂದೇ ಫಲಕದ ಹಿಂದೆ ನಿಲ್ಲಿಸಿ, ಬಾಡಿಗೆಗೆ ತಂದ ಒಂದೇ ಬಗೆಯ ಉಡುಪನ್ನು ತೊಡಿಸಲಾಗಿತ್ತು. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ. ಆ ಖಂಡದಲ್ಲಿ 54 ದೇಶಗಳಿವೆ. ಇಥಿಯೋಪಿಯದ ಗೀಜ್ ಲಿಪಿಯಲ್ಲಿ ನಮ್ಮ ಕಾಗುಣಿತದಂತೆಯೇ ವ್ಯಂಜನದ ರೂಪ ಸ್ವರಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ಅಲ್ಲಿಯ ವಿದ್ಯಾರ್ಥಿಯೊಬ್ಬ ಬರೆದು ತೋರಿಸಿದರೆ, ದಾರಿಬದಿಯಲ್ಲಿ ನಿಂತ ನಮ್ಮ ಶಾಲಾಮಕ್ಕಳು ಅದನ್ನು ಮರೆಯಲಾರರು. ಆದ್ದರಿಂದ ಪ್ರತಿ ಫಲಕದಲ್ಲಿಯೂ ದೇಶದ ಹೆಸರನ್ನು ಕನ್ನಡದಲ್ಲಿಯೂ ಆಯಾ ಲಿಪಿಯಲ್ಲಿಯೂ ಬರೆಸಿರಿ. 1961ರಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ಮಕ್ಕಳಲ್ಲಿ ಅನೇಕರು ಇಲ್ಲಿಯೇ ಹುಟ್ಟಿ, ಕನ್ನಡವನ್ನು ಸರಾಗವಾಗಿ ಆಡುವವರು. ಅವರು ಯಾವ ಸಾಲಿನಲ್ಲಿ ನಡೆಯಬೇಕೆಂಬುದನ್ನೂ ಅವರನ್ನೇ ಕೇಳಬೇಕು.

ದಿನಾಂಕವನ್ನು ಗೊತ್ತುಪಡಿಸುವಾಗ ಪರೀಕ್ಷೆ ಮತ್ತು ಮಳೆಯಷ್ಟನ್ನೇ ನೋಡಿದರೆ ಸಾಲದು. ರಂಜಾನ್ ತಿಂಗಳು ಪ್ರತಿವರ್ಷ ಸುಮಾರು 10–11 ದಿನ ಹಿಂದಕ್ಕೆ ಸರಿಯುವುದರಿಂದ ಆ ವರ್ಷದ ಪಂಚಾಂಗವನ್ನು ನೋಡಿಯೇ ಮುಂದುವರಿಯಬೇಕು. ಉಪವಾಸವಿರುವವರನ್ನು ಬಿಸಿಲಿನಲ್ಲಿ ನಡೆಸುವುದು ಸಲ್ಲದು. ಮಾರ್ಚ್ 20 ಅಥವಾ 21ರ ಆಸುಪಾಸಿನಲ್ಲಿ ಬರುವ ನೌರೂಜ್ ಇರಾನಿನವರ ಹೊಸ ವರ್ಷವಾಗಿದ್ದು, ನಮ್ಮ ಯುಗಾದಿಗೂ ಹತ್ತಿರವಾಗಿರುತ್ತದೆ.

ಮೆರವಣಿಗೆ ಆವರಣದೊಳಗೆ ಸಾಗಿ ಬಯಲು ರಂಗಮಂದಿರದಲ್ಲಿ ಮುಗಿದರೆ ಅನುಕೂಲ. ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಿರುವ ಕ್ರಾಫರ್ಡ್ ಭವನದಿಂದ ಹೊರಡುವುದಾದರೆ ಸಾರ್ವಜನಿಕ ರಸ್ತೆಯನ್ನು ಬಳಸಬೇಕಾಗುತ್ತದೆಯಾದ್ದರಿಂದ ಪೊಲೀಸರ ಅನುಮತಿಯನ್ನು ಮೊದಲೇ ಪಡೆಯಿರಿ. ಧ್ವನಿವರ್ಧಕಕ್ಕೂ ಲಿಖಿತ ಅನುಮತಿ ಬೇಕು.

ಹೆಚ್ಚಿನ ಎಚ್ಚರ ಬೇಕಾದದ್ದು ಧ್ವಜಗಳ ವಿಷಯದಲ್ಲಿ. ಭಾರತದ ಧ್ವಜಸಂಹಿತೆಯ ಪ್ರಕಾರ, ಮೆರವಣಿಗೆಯಲ್ಲಿ ನಮ್ಮ ರಾಷ್ಟ್ರಧ್ವಜವು ಸಾಗುವ ದಿಕ್ಕಿನ ಬಲಬದಿಯಲ್ಲಿರಬೇಕು, ಇಲ್ಲವೇ ಇತರ ಧ್ವಜಗಳು ಸಾಲಾಗಿದ್ದರೆ ಆ ಸಾಲಿನ ನಡುವಿಗೆ ಮುಂದುಗಡೆ ಇರಬೇಕು. ಸಾಲಾಗಿ ನೆಡುವಾಗ ಉಳಿದ ದೇಶಗಳ ಧ್ವಜಗಳನ್ನು ಅವುಗಳ ಇಂಗ್ಲಿಷ್ ಹೆಸರಿನ ಅಕ್ಷರಾನುಕ್ರಮದಲ್ಲಿ ಇರಿಸಲಾಗುತ್ತದೆ. ಇದೇ ಕ್ರಮವನ್ನು ಮೆರವಣಿಗೆಗೂ ಅನುಸರಿಸಿದರೆ ಯಾರು ಮುಂದೆ, ಯಾರು ಹಿಂದೆ ಎಂಬ ಅಸಮಾಧಾನಕ್ಕೆ ಎಡೆಯಿರುವುದಿಲ್ಲ. ಧ್ವಜಗಳ ಅಳತೆ ಸಮನಾಗಿರಲಿ. ಸೌದಿ ಅರೇಬಿಯ, ಇರಾನ್ ಮತ್ತು ಇರಾಕ್ ಧ್ವಜಗಳಲ್ಲಿ ಪವಿತ್ರ ನುಡಿಗಳಿರುವುದರಿಂದ ಅವನ್ನು ತಟ್ಟೆ, ಲೋಟಗಳ ಮೇಲೆ ಮುದ್ರಿಸಬೇಡಿರಿ. 2021ರಲ್ಲಿ ಆಡಳಿತ ಬದಲಾದ ಬಳಿಕ ಅಫ್ಘಾನಿಸ್ತಾನದ ಧ್ವಜ ಅಲ್ಲಿಯ ವಿದ್ಯಾರ್ಥಿಗಳಿಗೆ ನೋವಿನ ವಿಷಯವಾಗಿರಬಹುದು. ಅವರೊಡನೆ ಖಾಸಗಿಯಾಗಿ ಮಾತನಾಡಿರಿ, ಧ್ವಜವಿಲ್ಲದೆ ಹೆಸರಿನ ಫಲಕದೊಂದಿಗೆ ನಡೆಯುವ ಅವಕಾಶವನ್ನೂ ತೆರೆದಿಡಿರಿ.

ಆತಿಥೇಯರಾದ ನಾವು ಬರಿಯ ಪ್ರೇಕ್ಷಕರಾಗಿ ನಿಲ್ಲಬಾರದು. ಮಂಡ್ಯದ ಪೂಜಾ ಕುಣಿತದವರನ್ನೂ ಕಂಸಾಳೆಯ ಕಲಾವಿದರನ್ನೂ ಕರೆಸಿ, ಸಾಧ್ಯವಾದರೆ ಕೆಲವು ವಾರ ಮೊದಲೇ ವಿದೇಶಿ ವಿದ್ಯಾರ್ಥಿಗಳಿಗೆ ಹೆಜ್ಜೆ ಕಲಿಸುವ ಏರ್ಪಾಡು ಮಾಡಿರಿ. ಕಂಸಾಳೆಯು ಮಲೆ ಮಹದೇಶ್ವರನ ಭಕ್ತರಾದ ದೇವರಗುಡ್ಡರ ಪರಂಪರೆಯಾದುದರಿಂದ ಯಾವುದನ್ನು ಕಲಿಸಬಹುದು, ಯಾವುದನ್ನು ಕಲಿಸಬಾರದು ಎಂಬುದನ್ನು ಕಲಾವಿದರ ವಿವೇಚನೆಗೆ ಬಿಡಬೇಕು. ಪರದೇಶದವರ ಸಂಪ್ರದಾಯಕ್ಕೆ ತೋರುವ ಮರ್ಯಾದೆಯನ್ನು ನಮ್ಮೂರಿನವರಿಗೆ ತೋರದಿರುವುದು ಸರಿಯಲ್ಲ.

ರಂಗಮಂದಿರವನ್ನು ತಲುಪಿದೊಡನೆ ಭಾಷಣಗಳನ್ನು ಆರಂಭಿಸದೆ, ಒಂದು ಗಂಟೆಯಾದರೂ ಜನರು ವಿದ್ಯಾರ್ಥಿಗಳೊಡನೆ ಬೆರೆತು ಮಾತನಾಡಲು ಬಿಡಿರಿ. ಅಡುಗೆಯಿದ್ದರೆ ಪ್ರತಿ ಪಾತ್ರೆಯ ಮುಂದೆ ಅದರ ಪದಾರ್ಥಗಳನ್ನು, ಮಾಂಸವಿದ್ದರೆ ಯಾವ ಮಾಂಸವೆಂಬುದನ್ನು, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದಿಡಿರಿ. ಕಲಾವಿದರ ಸಂಭಾವನೆಯನ್ನು ಅಂದೇ, ಅವರು ಊರಿಗೆ ಹಿಂದಿರುಗುವ ಬಸ್ಸು ಹತ್ತುವ ಮುನ್ನವೇ, ಕೈಗೆ ಸಲ್ಲಿಸಿರಿ.