ತಂತ್ರಗಾರ ಪಾತ್ರದ ಮಾತನ್ನು ತೂಗಿ ನೋಡುವುದು ಹೇಗೆ?

ವೆಬ್‌ಕಾಮಿಕ್ ಒಂದರೊಳಗೆ, ಅಂದರೆ ಅಂತರ್ಜಾಲದಲ್ಲಿ ಬರುವ ಚಿತ್ರಕಥೆಯೊಳಗೆ, ಮಾತಿನಿಂದ ಮತ್ತು ಚೇಷ್ಟೆಯಿಂದ ಇತರರನ್ನು ಆಡಿಸುವ ತಂತ್ರಗಾರ ಪಾತ್ರವೊಂದು ಕಾಲಿಟ್ಟಿತೆಂದರೆ ಓದುಗರು ಎರಡು ಪಾಳಯಗಳಾಗುವುದು ಬಹುಮಟ್ಟಿಗೆ ಖಚಿತ. ಒಂದು ಪಾಳಯಕ್ಕೆ ಅವನು ಹುಟ್ಟು ಸುಳ್ಳುಗಾರ, ಇನ್ನೊಂದಕ್ಕೆ ಇಡೀ ಕಥೆಯಲ್ಲಿ ನಿಜ ನುಡಿಯುವವನು ಅವನೊಬ್ಬನೇ. ಈ ವಾದ ತಿಂಗಳುಗಟ್ಟಲೆ ಮುಗಿಯದಿರುವುದಕ್ಕೆ ಮುಖ್ಯ ಕಾರಣ, ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೆಂದು ಭಾವಿಸಿ ವಾದಿಸುವುದು. ಅವನು ಹೇಳಿದ್ದು ನಿಜವೇ ಎಂಬುದು ಒಂದು ಪ್ರಶ್ನೆ. ಅದನ್ನು ಏಕೆ ಹೇಳಿದ ಎಂಬುದು ಮತ್ತೊಂದು. ನಿಜವನ್ನೇ ನುಡಿದು ಕೇಡು ಬಗೆಯುವವರಿದ್ದಾರೆ, ಸುಳ್ಳು ಹೇಳಿ ಜೀವ ಉಳಿಸುವವರೂ ಇದ್ದಾರೆ. ಆದ್ದರಿಂದ ಮೊದಲು ಮಾತನ್ನು ಪರೀಕ್ಷಿಸಿ, ಅದು ಮುಗಿದ ಮೇಲಷ್ಟೇ ಉದ್ದೇಶದ ವಿಚಾರಕ್ಕೆ ಬರಬೇಕು.

ಮಾತನ್ನು ಪರೀಕ್ಷಿಸುವಾಗ ನೆನಪನ್ನು ನಂಬದೆ, ಆ ಪುಟವನ್ನು ಮತ್ತೆ ತೆರೆದು, ಮಾತಿನ ಗುಳ್ಳೆಯೊಳಗಿನ ಸಾಲನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಅಧ್ಯಾಯ ಮತ್ತು ಪುಟದ ಸಂಖ್ಯೆಯನ್ನೂ ಪಕ್ಕದಲ್ಲಿ ನಮೂದಿಸಿ. ನೆನಪು ಮಾತಿನ ಸಾರವನ್ನು ಉಳಿಸಿಕೊಂಡು ಪದಗಳನ್ನು ಕಳೆದುಬಿಡುತ್ತದೆ, ತಂತ್ರಗಾರನ ಆಟ ನಡೆಯುವುದು ಪದಗಳಲ್ಲಿಯೇ. ‘ಅವಳಿಗೆ ಕೇಡಾಗುವುದಿಲ್ಲ’ ಎಂಬುದಕ್ಕೂ ‘ನನ್ನ ಕೈಯಿಂದ ಅವಳಿಗೆ ಕೇಡಾಗುವುದಿಲ್ಲ’ ಎಂಬುದಕ್ಕೂ ಇರುವ ಅಂತರದಲ್ಲಿ ಒಂದು ಅಧ್ಯಾಯದ ಕಥೆಯೇ ಅಡಗಿರಬಹುದು.

ಹೀಗೆ ಪದಗಳಲ್ಲಿ ಆಟವಾಡುವ ಕಲೆಯ ಬಲು ಹಳೆಯ ಮಾದರಿ ಗ್ರೀಕ್ ಪುರಾಣದ ದೇವತೆ ಹರ್ಮಿಸ್. ಹುಟ್ಟಿದ ದಿನವೇ ಅಪೋಲೋ ದೇವತೆಯ 50 ಹಸುಗಳನ್ನು ಕದ್ದು, ಹೆಜ್ಜೆ ಗುರುತು ತಲೆಕೆಳಗಾಗಲೆಂದು ಅವುಗಳನ್ನು ಹಿಮ್ಮುಖವಾಗಿ ನಡೆಸಿಕೊಂಡು ಹೋದ ಈ ಶಿಶು, ಅಪೋಲೋನೆದುರು ತಾನು ಏನನ್ನೂ ಕಂಡಿಲ್ಲ, ಕೇಳಿಲ್ಲ ಎಂದು ಹಸಿ ಸುಳ್ಳನ್ನೇ ಹೇಳಿಬಿಡುತ್ತಾನೆ. ಆದರೆ ತಂದೆ ಜ್ಯೂಸ್‌ನ ಮುಂದೆ ನಿಂತಾಗ ಅವನ ಮಾತಿನ ವರಸೆ ಬದಲಾಗುತ್ತದೆ: ತಾನು ಹಸುಗಳನ್ನು ಮನೆಗೆ ಹೊಡೆದುಕೊಂಡು ಬಂದಿಲ್ಲ, ಹೊಸ್ತಿಲನ್ನೂ ದಾಟಿಲ್ಲ ಎನ್ನುತ್ತಾನೆ. ಎರಡೂ ಅಕ್ಷರಶಃ ನಿಜ. ಹಸುಗಳು ದೂರದ ಗುಹೆಯಲ್ಲಿದ್ದವು, ಅವನು ಮನೆಯೊಳಗೆ ನುಸುಳಿದ್ದು ಬಾಗಿಲ ಬೀಗದ ಕಿಂಡಿಯ ಮೂಲಕ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜ್ಯೂಸ್ ಇದನ್ನು ಕೇಳಿ ಗಟ್ಟಿಯಾಗಿ ನಕ್ಕನಂತೆ. ಇಲ್ಲಿ ಓದುಗರು ಗಮನಿಸಬೇಕಾದದ್ದು, ಕೇಳುವವನು ಯಾರೆಂಬುದರ ಮೇಲೆ ಒಂದೇ ಪಾತ್ರದ ಎಚ್ಚರಿಕೆಯ ಮಟ್ಟ ಬದಲಾಗುತ್ತದೆ ಎಂಬುದನ್ನು. ನಿಮ್ಮ ಕಾಮಿಕ್‌ನ ಪಾತ್ರವೂ ಯಾರ ಮುಂದೆ ನೇರವಾಗಿ ಮಾತಾಡುತ್ತದೆ, ಯಾರ ಮುಂದೆ ಪದ ಆಯ್ದು ಮಾತಾಡುತ್ತದೆ ಎಂದು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಿ.

ಬರೆದುಕೊಂಡ ಸಾಲುಗಳಲ್ಲಿ ಎಲ್ಲವೂ ಹೇಳಿಕೆಗಳಾಗಿರುವುದಿಲ್ಲ. ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಟ್ಟಿದ್ದರೆ ಅಲ್ಲಿ ನಿಜವೂ ಇಲ್ಲ, ಸುಳ್ಳೂ ಇಲ್ಲ. ‘ಹಾಗೆಂದು ಜನ ಹೇಳುತ್ತಾರೆ’ ಎಂಬ ಸಾಲು ಜನರ ಮಾತನ್ನು ವರದಿ ಮಾಡುತ್ತದೆಯೇ ಹೊರತು ಅದನ್ನು ಒಪ್ಪುವುದಿಲ್ಲ. ಪ್ರತಿಜ್ಞೆಯೊಂದನ್ನು ಅದು ಮುರಿದುಬಿದ್ದ ಮೇಲೆ ಸುಳ್ಳೆಂದು ಕರೆಯುವುದು ಅವಸರವಾದೀತು. ಕೊಡುವ ಹೊತ್ತಿನಲ್ಲಿ ಉಳಿಸಿಕೊಳ್ಳುವ ಮನಸ್ಸಿತ್ತೇ ಎಂಬುದು ಉದ್ದೇಶದ ಪ್ರಶ್ನೆ.

ಇಷ್ಟು ಮಾಡಿದರೆ ಅರ್ಧ ಕೆಲಸ ಮಾತ್ರ ಆಯಿತು, ಏಕೆಂದರೆ ಕಾಮಿಕ್ ಮಾತಿನಷ್ಟೇ ಚಿತ್ರದಿಂದಲೂ ಹೇಳುವ ಕಲೆ. ಪಾತ್ರ ಆಣೆ ಇಡುವ ಚೌಕಟ್ಟಿನಲ್ಲಿ ಅದರ ಕಣ್ಣುಗಳು ಕಾಣುತ್ತವೆಯೇ, ಅಥವಾ ಚೌಕಟ್ಟಿನ ಮೇಲಂಚು ಮೂಗಿನ ಹತ್ತಿರವೇ ಮುಖವನ್ನು ಕತ್ತರಿಸಿದೆಯೇ? ಉಳಿದೆಲ್ಲ ಕಡೆ ಸದಾ ನಗುವ ಬಾಯಿ ಇಲ್ಲಿ ಮುಚ್ಚಿದೆಯೇ? ಮಾತಿಗೂ ಮಾತಿಗೂ ನಡುವೆ ಮೌನದ ಒಂದು ಚೌಕಟ್ಟನ್ನು ಇಟ್ಟಿದ್ದರೆ ಅದು ತಡವರಿಕೆಯ ಗುರುತಿರಬಹುದು, ಲೆಕ್ಕಾಚಾರದ ಗುರುತೂ ಇರಬಹುದು. ಯಾವುದೆಂದು ತಿಳಿಯಲು ಅದೇ ಪಾತ್ರ ನಿರಾಳವಾಗಿ ಮಾತಾಡುವ ಹಳೆಯ ಪುಟದೊಂದಿಗೆ ಹೋಲಿಸಿ ನೋಡಬೇಕು. ಹಿನ್ನೋಟದ ದೃಶ್ಯಗಳಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಕಥೆಯ ನಿರೂಪಣೆಯೇ ಹಿಂದಕ್ಕೆ ಹೋಗಿ ತೋರಿಸಿದ ಘಟನೆಯನ್ನು ಸಾಕ್ಷ್ಯವಾಗಿ ಹಿಡಿಯಬಹುದು. ಪಾತ್ರವೇ ಬಾಯಿಬಿಟ್ಟು ಹೇಳುತ್ತಿರುವಾಗ ಮೂಡಿದ ಚಿತ್ರ, ಎಷ್ಟೇ ಸ್ಪಷ್ಟವಾಗಿ ಬಿಡಿಸಿದ್ದರೂ, ಆ ಪಾತ್ರದ ಹೇಳಿಕೆಯೇ ಆಗಿರಬಹುದು. ಚೌಕಟ್ಟಿನ ಅಂಚು, ಬಣ್ಣ, ಅಕ್ಷರದ ಶೈಲಿ ಬದಲಾಗಿದ್ದರೆ ಚಿತ್ರಕಾರರು ಈ ವ್ಯತ್ಯಾಸವನ್ನು ಸೂಚಿಸುತ್ತಿರುವ ಸಂಭವ ಹೆಚ್ಚು.

‘ಅವನು ಎಂದೂ ಸುಳ್ಳು ಹೇಳುವುದಿಲ್ಲ’ ಎಂಬುದು ಕಥೆಯೊಳಗಿನ ನಿಯಮವೆಂದು ಯಾರಾದರೂ ವಾದಿಸಿದರೆ, ಆ ನಿಯಮವನ್ನು ಹೇಳಿದವರು ಯಾರೆಂದು ಕೇಳಿ. ಅದನ್ನು ಅವನೇ ಹೇಳಿಕೊಂಡಿದ್ದರೆ ನಾವು ನಿಂತಲ್ಲಿಯೇ ಸುತ್ತುತ್ತಿದ್ದೇವೆ ಎಂದರ್ಥ. ನಿಯಮ ನಿಜವೇ ಆಗಿದ್ದರೂ ಅದರಿಂದ ನೆಮ್ಮದಿ ಪಡಬೇಕಾಗಿಲ್ಲ. ದ್ರೋಣನನ್ನು ಅಸ್ತ್ರ ಕೆಳಗಿಡುವಂತೆ ಮಾಡಿದ್ದು ಸುಳ್ಳು ಹೇಳದವನೆಂಬ ಧರ್ಮರಾಯನ ಹೆಸರು. ‘ಅಶ್ವತ್ಥಾಮ ಸತ್ತ’ ಎಂಬ ಅದೇ ಮಾತನ್ನು ಭೀಮ ಕೂಗಿ ಹೇಳಿದಾಗ ದ್ರೋಣ ಪೂರ್ತಿ ನಂಬಿರಲಿಲ್ಲ. ಸತ್ಯವಂತನೆಂಬ ಕೀರ್ತಿ ಮೋಸಕ್ಕೆ ತಡೆಯಾಗುವುದರ ಬದಲು ಬಂಡವಾಳವಾಗಬಲ್ಲದು.

ಇನ್ನು ಉದ್ದೇಶ. ಇಲ್ಲಿ ಅಭಿಮಾನಿಗಳು ಪದೇ ಪದೇ ಎಡವುವುದು ಫಲವನ್ನು ಉದ್ದೇಶವೆಂದು ತಿಳಿದು. ಅವನ ಚೇಷ್ಟೆಯಿಂದ ನಾಯಕಿ ಪಾರಾದಳು ಎಂಬುದರಿಂದ ಅವಳನ್ನು ಪಾರುಮಾಡಲೆಂದೇ ಅವನು ಚೇಷ್ಟೆ ಮಾಡಿದನೆಂದು ಸಿದ್ಧವಾಗುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಆಧಾರಗಳು ಎರಡಿವೆ. ಆ ಕ್ಷಣದಲ್ಲಿ ಅವನಿಗೆ ತಿಳಿದಿದ್ದುದೆಷ್ಟು, ಅಷ್ಟೇ ತಿಳಿದಿರುವಾಗ ಬೇರೆ ಯಾವ ದಾರಿಗಳು ತೆರೆದಿದ್ದವು ಎಂಬುದು ಒಂದು. ನೋಡುವವರಿಲ್ಲದಾಗ, ತನಗೇ ನಷ್ಟವಾಗುವಾಗ ಅವನು ಏನು ಮಾಡಿದ ಎಂಬುದು ಇನ್ನೊಂದು. ಎರಡನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಒಬ್ಬಂಟಿಯಾಗಿರುವ ತಂತ್ರಗಾರನನ್ನು ತೋರಿಸುವ ಪುಟಗಳು ಅಪರೂಪವಾಗಿರುವುದು ಆಕಸ್ಮಿಕವಲ್ಲ.

‘ಇದೆಲ್ಲವೂ ಅವನ ಯೋಜನೆಯ ಭಾಗ’ ಎಂಬ ವಾದವನ್ನು ಮಾತ್ರ ದೂರವಿಡುವುದು ಒಳ್ಳೆಯದು. ಗೆದ್ದರೆ ಯೋಜನೆ, ಸೋತರೂ ಯೋಜನೆ ಎಂದಾದರೆ ಅದನ್ನು ಅಲ್ಲಗಳೆಯುವ ಪುಟ ಎಂದಿಗೂ ಬರಲಾರದು, ಹಾಗಾಗಿ ಅದಕ್ಕೆ ಆಧಾರವೂ ದೊರೆಯಲಾರದು. ನಿಮ್ಮ ಊಹೆಯನ್ನು ಮಂಡಿಸುವಾಗ, ಮುಂದೆ ಏನು ನಡೆದರೆ ಅದನ್ನು ಕೈಬಿಡುವಿರಿ ಎಂಬುದನ್ನೂ ಜೊತೆಗೇ ಹೇಳಿಬಿಡಿ. ‘ಕೀಲಿಯನ್ನು ಅವನೇ ಹಿಂತಿರುಗಿಸಿದರೆ ನನ್ನ ವಾದ ಬಿದ್ದಂತೆ’ ಎಂಬಷ್ಟು ನಿಖರವಾಗಿದ್ದರೆ ಎದುರು ಪಾಳಯದವರಿಗೂ ಹಿಡಿದು ಮಾತಾಡಲು ಏನಾದರೂ ಸಿಗುತ್ತದೆ.

ಮುಗಿದ ಪುಸ್ತಕಕ್ಕಿಲ್ಲದ ತೊಡಕೊಂದು ವೆಬ್‌ಕಾಮಿಕ್‌ಗಿದೆ: ಪುಟಗಳು ಕಂತು ಕಂತಾಗಿ ಬರುತ್ತಿರುತ್ತವೆ, ಕಥೆಗಾರರ ಮನಸ್ಸು ನಡುವೆ ಬದಲಾಗಬಹುದು, ಪ್ರಕಟವಾದ ಪುಟದ ಸಾಲನ್ನೂ ಸದ್ದಿಲ್ಲದೆ ತಿದ್ದಬಹುದು. ಆದ್ದರಿಂದ ನಿಮ್ಮ ತೀರ್ಮಾನಕ್ಕೆ ‘ಇಂಥ ಅಧ್ಯಾಯದವರೆಗೆ’ ಎಂಬ ಗಡಿ ಹಾಕಿಕೊಳ್ಳಿ; ಆಧಾರವಾಗಿ ಹಿಡಿದ ಪುಟದ ಚಿತ್ರವನ್ನು ದಿನಾಂಕದೊಂದಿಗೆ ಉಳಿಸಿಟ್ಟುಕೊಳ್ಳಿ. ಕಥೆಗಾರರು ಕಥೆಯ ಹೊರಗೆ ಆಡಿದ ಮಾತುಗಳನ್ನು ಬೇರೆಯದೇ ಪಟ್ಟಿಯಲ್ಲಿಡಬೇಕು. ಮುಂದಿನ ಅಧ್ಯಾಯದ ಕುತೂಹಲವನ್ನು ಕಾಪಾಡಬೇಕಾದವರು ‘ಅವನನ್ನು ನಂಬಬಹುದೇ’ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವರೆಂದು ನಿರೀಕ್ಷಿಸುವಂತಿಲ್ಲ. ಅವರ ಉತ್ತರವನ್ನೂ ಅಕ್ಷರ ಬಿಡದೆ ಬರೆದುಕೊಂಡು, ಪದಗಳ ಆಯ್ಕೆಯನ್ನು ಅದೇ ಅನುಮಾನದಿಂದ ನೋಡಿ.